ಬರವೂ ಬಿಸಿಲೂ ಜೊತೆಗೂಡಿದಾಗ: ಬಿಳಿಗೆರೆ ಸೀಮೆಯ ಬೆಳೆಗಳು

ಬರವೆಂದರೆ ಮಳೆಯ ಕೊರತೆ ಎಂಬ ಅರ್ಥ ಕನ್ನಡದ ಆಡುಮಾತಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೋ ಸರ್ಕಾರದ ಕಡತದಲ್ಲಿಯೂ ಅಷ್ಟೇ ಗಟ್ಟಿಯಾಗಿ ಕೂತಿದೆ. ವಾಡಿಕೆಗಿಂತ ಎಷ್ಟು ಕಡಿಮೆ ಮಳೆ ಬಿತ್ತು, ಎಷ್ಟು ವಾರ ಒಂದೇ ಸಮನೆ ಒಣಹವೆ ಇತ್ತು ಎಂಬ ಪ್ರಶ್ನೆಗಳಿಂದಲೇ ತಾಲ್ಲೂಕೊಂದನ್ನು ಬರಪೀಡಿತವೆಂದು ಸಾರುವ ಕ್ರಮ ಆರಂಭವಾಗುತ್ತದೆ; ಆ ವಾರಗಳಲ್ಲಿ ಗಾಳಿ ಎಷ್ಟು ಬಿಸಿಯಾಗಿತ್ತು ಎಂಬುದು ಅಲ್ಲಿ ಮುಂದಿನ ಸಾಲಿಗೆ ಬರುವುದಿಲ್ಲ. ಹಿಂದೆ ಇದರಿಂದ ದೊಡ್ಡ ತೊಡಕಿರಲಿಲ್ಲ, ಏಕೆಂದರೆ ಬಿಸಿಲು ವರ್ಷದಿಂದ ವರ್ಷಕ್ಕೆ ಒಂದು ಗೊತ್ತಾದ ಅಳತೆಯೊಳಗೇ ಏರಿಳಿಯುತ್ತಿತ್ತು. ವಾಯುಮಂಡಲವೇ ಒಟ್ಟಾರೆ ಬಿಸಿಯೇರುತ್ತಿರುವ ಈ ಕಾಲದಲ್ಲಿ, ಅದೇ ಹೊಲಕ್ಕೆ ಅದೇ ಪ್ರಮಾಣದ ಮಳೆ ಬಿದ್ದರೂ ಅದರ ಹಸಿ ಮೊದಲಿನಷ್ಟು ದಿನ ನಿಲ್ಲದಿರುವುದರಿಂದ, ಮಿಲಿಮೀಟರಿನ ಲೆಕ್ಕವೊಂದನ್ನೇ ನೆಚ್ಚಿದ ಅಂದಾಜು ಬೆಳೆಯ ನಿಜಸ್ಥಿತಿಯನ್ನು ಹೇಳದಾಗಿದೆ. ಮಳೆಯ ಕೊರತೆಯೂ ಅತಿಶಾಖವೂ ಒಂದೇ ಬೆಳೆಯ ಮೇಲೆ ಒಂದೇ ಹೊತ್ತಿನಲ್ಲಿ ಎರಗುವುದಕ್ಕೆ ವಿಜ್ಞಾನಿಗಳು ಸಂಯುಕ್ತ ವಿಪತ್ತು ಎಂಬ ಹೆಸರಿಟ್ಟಿದ್ದಾರೆ. ಒಂದು ರೂಪಾಯಿ ಸಾಲಕ್ಕೆ ಇನ್ನೊಂದು ರೂಪಾಯಿ ಕೂಡಿ ಎರಡಾಗುವ ಬಗೆ ಇದಲ್ಲ. ಸಾಲವನ್ನು ತೀರಿಸಬೇಕಾದ ದುಡಿಮೆಯನ್ನೇ ಇನ್ನೊಂದು ಸಾಲ ಕಿತ್ತುಕೊಳ್ಳುವ ಬಗೆ. ಈ ಮಾತು ಹೇಗೆ ನಿಜವೆಂಬುದನ್ನು ನೋಡಲು ಮೈಸೂರು ಜಿಲ್ಲೆಯ ಬಿಳಿಗೆರೆ ಸೀಮೆ ತಕ್ಕ ನೆಲ.

ನಂಜನಗೂಡು ತಾಲ್ಲೂಕಿನ ಬಿಳಿಗೆರೆ ಹೋಬಳಿ ಪೂರ್ವಕ್ಕೆ ತಿರುಮಕೂಡಲು ನರಸೀಪುರದ ಕಡೆಗೆ ಚಾಚಿಕೊಂಡಿರುವ ಪ್ರದೇಶ. ಹುಣಸೂರು ತಾಲ್ಲೂಕಿನ ಬಿಳಿಕೆರೆಯೊಡನೆ ಇದನ್ನು ಬೆರೆಸಿಕೊಳ್ಳಬಾರದು. ಎರಡೂ ಹೆಸರುಗಳಲ್ಲಿ ಕೆರೆಯೊಂದು ಅಡಗಿದೆ, ಎಂದರೆ ಇಲ್ಲಿ ನೆಲೆಸಿದವರು ಮಳೆಯನ್ನು ನಂಬಿಯೂ ನಂಬದೆ ನೀರನ್ನು ಕಟ್ಟಿ ನಿಲ್ಲಿಸಿದವರು. ಕೃಷಿ ಹವಾಮಾನದ ದೃಷ್ಟಿಯಿಂದ ಕರ್ನಾಟಕವನ್ನು 10 ವಲಯಗಳಾಗಿ ವಿಂಗಡಿಸಿದ್ದು, ಈ ಸೀಮೆ ಅವುಗಳಲ್ಲಿ ದಕ್ಷಿಣ ಒಣ ವಲಯಕ್ಕೆ ಸೇರುತ್ತದೆ. ಪಶ್ಚಿಮ ಘಟ್ಟದ ಮರೆಯಲ್ಲಿರುವುದರಿಂದ ಇಲ್ಲಿಯ ಮಳೆಗೆ ಎರಡು ಶಿಖರಗಳಿವೆ: ಏಪ್ರಿಲ್, ಮೇ ತಿಂಗಳ ಭರಣಿ, ಕೃತ್ತಿಕೆಗಳಲ್ಲಿ ಒಂದು, ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಮತ್ತೊಂದು. ನಡುವಿನ ಜೂನ್, ಜುಲೈಗಳಲ್ಲಿ ಘಟ್ಟದ ಮೇಲೆ ಮುಂಗಾರು ಭೋರ್ಗರೆಯುತ್ತಿದ್ದರೂ ಇಲ್ಲಿ ತುಂತುರು ಮತ್ತು ಗಾಳಿಯೇ ಹೆಚ್ಚು. ವಯನಾಡಿನ ಮಳೆಯಿಂದ ಕಪಿಲೆ, ಎಂದರೆ ಕಬಿನಿ, ಉಕ್ಕಿ ನಂಜನಗೂಡಿನ ಸ್ನಾನಘಟ್ಟ ಮುಳುಗಿರುವ ದಿನಗಳಲ್ಲಿಯೇ ಕೆಲವು ಮೈಲಿ ಪೂರ್ವದ ಬೆದ್ದಲು ಹೊಲಗಳು ಮೋಡದ ಕಡೆ ಮುಖ ಮಾಡಿರುವುದು ಈ ಭಾಗದವರಿಗೆ ವಿಚಿತ್ರವೇನೂ ಅಲ್ಲ.

ಈ ಎರಡು ಶಿಖರಗಳನ್ನು ಅರಿತೇ ಇಲ್ಲಿಯ ಬೇಸಾಯ ರೂಪುಗೊಂಡಿದೆ. ಮೊದಲ ಮಳೆಗೆ ಅಲಸಂದೆ, ಹೆಸರು, ಉದ್ದು, ಎಳ್ಳು ಅಥವಾ ಹತ್ತಿ. ಅಲ್ಪಾವಧಿಯ ಕಾಳುಗಳು ಮನೆ ಸೇರಿದ ಮೇಲೆ ಎರಡನೆಯ ಮಳೆಗೆ ರಾಗಿ, ಹುರುಳಿ, ಅವರೆ. ನಾಲೆಯ ನೀರು ಹರಿಯುವೆಡೆ ಭತ್ತ, ಕಬ್ಬು, ಬಾಳೆ. ಬೋರ್‌ವೆಲ್ ಇರುವೆಡೆ ಹಿಪ್ಪುನೇರಳೆ ಮತ್ತು ತರಕಾರಿ. ಕಬಿನಿಯ ನಾಲೆಗಳು, ಕೃಷ್ಣರಾಜಸಾಗರದಿಂದ ಹೊರಟ ವರುಣಾ ನಾಲೆ, ಇವುಗಳ ಆಚೆಗೆ ಮಳೆಯನ್ನೇ ನಂಬಿದ ಕೆಮ್ಮಣ್ಣಿನ ಹೊಲಗಳು, ಅಲ್ಲಲ್ಲಿ ಎರೆಭೂಮಿ, ಹೀಗೆ ಒಂದೇ ಹೋಬಳಿಯಲ್ಲಿ ನೀರಾವರಿಯೂ ಬೆದ್ದಲೂ ಬೇಲಿಯಷ್ಟೇ ಅಂತರದಲ್ಲಿ ಒಂದನ್ನೊಂದು ನೋಡುತ್ತ ಇವೆ. ಶಾಖವೂ ಬರವೂ ಜೊತೆಗೂಡಿದಾಗ ಈ ಎರಡು ಬಗೆಯ ನೆಲಗಳಿಗೆ ಏನಾಗುತ್ತದೆ ಎಂಬುದು ಬೇರೆ ಬೇರೆಯಾಗಿಯೇ ನೋಡಬೇಕಾದ ಸಂಗತಿ, ಅಚ್ಚರಿಯೆಂದರೆ ಎರಡರ ಕತೆಯೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ.

ಮೊದಲಿಗೆ ಮಣ್ಣು. ಬೆಳೆಯಿರುವ ಹೊಲದಿಂದ ನೀರು ಎರಡು ದಾರಿಗಳಲ್ಲಿ ಗಾಳಿ ಸೇರುತ್ತದೆ: ಮಣ್ಣಿನ ಮೇಲ್ಮೈಯಿಂದ ನೇರವಾಗಿ ಆವಿಯಾಗುವುದು ಒಂದು, ಬೇರು ಹೀರಿದ ನೀರು ಎಲೆಗಳ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೊರಬೀಳುವ ಬಾಷ್ಪವಿಸರ್ಜನೆ ಇನ್ನೊಂದು. ನೀರು ಆವಿಯಾಗಬೇಕಾದರೆ ಅದಕ್ಕೆ ಶಾಖ ಬೇಕು. ಹಾಗೆ ಬಳಕೆಯಾದ ಶಾಖ ಉಷ್ಣಮಾಪಕದಲ್ಲಿ ಕಾಣಿಸಿಕೊಳ್ಳದೆ ಆವಿಯೊಳಗೆ ಅಡಗಿ ಹೋಗುವುದರಿಂದ ಅದನ್ನು ಗುಪ್ತೋಷ್ಣ ಎನ್ನುತ್ತಾರೆ. ಒಂದು ಎಕರೆ ಹಸಿರು ಹೊಲ ಬೇಸಿಗೆಯ ಒಂದು ದಿನದಲ್ಲಿ 5 ಮಿಲಿಮೀಟರಿನಷ್ಟು ನೀರನ್ನು ಗಾಳಿಗೆ ಬಿಟ್ಟಿತೆಂದರೆ ಅದು ಸುಮಾರು 20,000 ಲೀಟರ್ ನೀರು. ಅಷ್ಟನ್ನು ಆವಿಮಾಡಲು ತಗಲುವ ಶಕ್ತಿ 13,000 ಯೂನಿಟ್ ವಿದ್ಯುತ್ತಿಗೂ ಮಿಕ್ಕಿದ್ದು. ಬಿಸಿಲು ದಿನವೂ ಇಷ್ಟು ಶಕ್ತಿಯನ್ನು ಎಕರೆಯ ಮೇಲೆ ಸುರಿಯುತ್ತದೆ, ಹಸಿಯಿರುವ ಹೊಲ ಅದನ್ನು ಆವಿಯಾಗಿ ಮಾಡಿ ಮೇಲಕ್ಕೆ ಕಳಿಸುತ್ತದೆ. ಹಸಿ ತೀರಿದ ದಿನ ಈ ಶಕ್ತಿಗೆ ಆವಿಯ ದಾರಿ ಮುಚ್ಚುತ್ತದೆ, ಆದರೆ ಬಿಸಿಲು ನಿಲ್ಲುವುದಿಲ್ಲ. ಆ ಶಾಖವೆಲ್ಲ ಮಣ್ಣನ್ನೂ ಮಣ್ಣಿನ ಮೇಲಿನ ಗಾಳಿಯನ್ನೂ ಕಾಯಿಸುವ ಕೆಲಸಕ್ಕೆ ತಿರುಗುತ್ತದೆ. ಒಣಗಿದ ನೆಲ ತನ್ನ ಮೇಲಿನ ಗಾಳಿಯನ್ನು ಬಿಸಿಮಾಡುತ್ತದೆ, ಬಿಸಿಯಾದ ಗಾಳಿ ಉಳಿದ ಹಸಿಯನ್ನು ಇನ್ನಷ್ಟು ಬೇಗ ಎಳೆದುಕೊಳ್ಳುತ್ತದೆ. ಬರ ಶಾಖವನ್ನು ಹೆರುವುದೂ ಶಾಖ ಬರವನ್ನು ಬೆಳೆಸುವುದೂ ಹೀಗೆ.

ಗಾಳಿಯ ಈ ಎಳೆತವನ್ನು ಅಳೆಯುವುದಕ್ಕೆ ಒಂದು ಮಾನವಿದೆ. ನಿರ್ದಿಷ್ಟ ಉಷ್ಣತೆಯಲ್ಲಿ ಗಾಳಿ ಹೊರಬಲ್ಲ ಗರಿಷ್ಠ ಆವಿಗೂ ಅದರಲ್ಲಿ ಆಗ ನಿಜವಾಗಿ ಇರುವ ಆವಿಗೂ ನಡುವಿನ ಅಂತರವನ್ನು ಆವಿಒತ್ತಡದ ಕೊರತೆ ಎಂದು ಕರೆಯುತ್ತಾರೆ. ಸರಳವಾಗಿ ಹೇಳಿದರೆ ಇದು ಗಾಳಿಯ ಬಾಯಾರಿಕೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹೊರಬಲ್ಲ ಆವಿ ಶೇ. 6ರಿಂದ 7ರಷ್ಟು ಹೆಚ್ಚುತ್ತದೆ. ಈ ಅಂಕಿ ಕೇಳುವುದಕ್ಕೆ ಸಣ್ಣದು, ಪರಿಣಾಮ ಸಣ್ಣದಲ್ಲ. 30 ಡಿಗ್ರಿಯಲ್ಲಿ ಅರ್ಧದಷ್ಟು ಆವಿ ತುಂಬಿರುವ ಗಾಳಿ ಹೊಸ ಆವಿ ಸೇರದೆ 33 ಡಿಗ್ರಿಗೆ ಏರಿತೆಂದು ಇಟ್ಟುಕೊಂಡರೆ, ಅದು ಹೊರಬಲ್ಲ ಆವಿ ಐದನೇ ಒಂದು ಭಾಗದಷ್ಟು ಮಾತ್ರ ಹೆಚ್ಚಿರುತ್ತದೆ, ಆದರೆ ಅದರ ಬಾಯಾರಿಕೆ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚಿರುತ್ತದೆ. ಮೂರು ಡಿಗ್ರಿಯ ಈ ಅಂತರ ಬಿಳಿಗೆರೆಯ ಕೆಮ್ಮಣ್ಣಿನ ಹೊಲದಲ್ಲಿ ಏನು ಮಾಡುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಮರಳು ಮಿಶ್ರಿತ ಕೆಂಪು ಗೋಡು ಒಂದು ಮೀಟರ್ ಆಳಕ್ಕೆ ಬೆಳೆಗೆ ದಕ್ಕುವಂತೆ ಹಿಡಿದಿಡುವ ನೀರು ಸ್ಥೂಲವಾಗಿ 100 ಮಿಲಿಮೀಟರ್. ಎಳೆಯ ಬೆಳೆಯ ಬೇರು ಅದರ ಅರ್ಧ ಆಳಕ್ಕೆ ಇಳಿದಿದ್ದರೆ ಅದರ ಪಾಲಿಗೆ ಇರುವುದು 50 ಮಿಲಿಮೀಟರ್. ದಿನಕ್ಕೆ 5 ಮಿಲಿಮೀಟರ್ ಖರ್ಚಾಗುವ ಹವೆಯಲ್ಲಿ ಅದು ಹತ್ತು ದಿನದ ಬುತ್ತಿ, 7 ಮಿಲಿಮೀಟರ್ ಖರ್ಚಾಗುವ ಹವೆಯಲ್ಲಿ ಏಳು ದಿನದ್ದು. ಮಳೆ ಬಿಡುವು ಕೊಡುವುದು ಒಂಬತ್ತು ದಿನವಾದರೆ ಮೊದಲ ಹೊಲ ಉಳಿಯುತ್ತದೆ, ಎರಡನೆಯದು ಬಾಡುತ್ತದೆ. ಮಳೆಮಾಪಕ ಮಾತ್ರ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. ಎರೆಭೂಮಿ ಇದಕ್ಕಿಂತ ಹೆಚ್ಚು ನೀರು ಹಿಡಿಯುವುದರಿಂದ ಅಲ್ಲಿ ಈ ಗಳಿಗೆ ತಡವಾಗಿ ಬರುತ್ತದೆ ಅಷ್ಟೇ. ಮೂರು ನಾಲ್ಕು ವಾರಗಳೊಳಗೆ ಹದವಾಗಿದ್ದ ನೆಲ ಬಿರುಕು ಬಿಡುವಷ್ಟು ಒಣಗುವುದಕ್ಕೆ ಈಚೆಗೆ ದಿಢೀರ್ ಬರ ಎಂಬ ಹೆಸರು ಬಳಕೆಗೆ ಬಂದಿದೆ, ಮತ್ತು ಅದರ ಹಿಂದಿರುವ ಕೈ ಈ ಬಾಯಾರಿಕೆಯದೇ.

ಇನ್ನು ಗಿಡದ ಒಳಗೆ ನಡೆಯುವ ವ್ಯವಹಾರ. ಎಲೆಯ ರಂಧ್ರಗಳು ಎರಡು ಕೆಲಸಗಳ ಒಂದೇ ಬಾಗಿಲು: ಆಹಾರ ತಯಾರಿಕೆಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಒಳಬರುವುದೂ ಅವುಗಳಿಂದಲೇ, ನೀರಾವಿ ಹೊರಹೋಗುವುದೂ ಅವುಗಳಿಂದಲೇ. ಶಾಖ ಹೆಚ್ಚಿದಾಗ ಗಿಡ ಬಾಗಿಲನ್ನು ತೆರೆದಿಟ್ಟು ಬೆವರಿನಂತೆ ನೀರನ್ನು ಬಿಟ್ಟು ತಂಪಾಗಬೇಕು. ನೀರು ಕಡಿಮೆಯಾದಾಗ ಬಾಗಿಲನ್ನು ಮುಚ್ಚಿ ಇದ್ದುದನ್ನು ಕಾಪಾಡಿಕೊಳ್ಳಬೇಕು. ಶಾಖ ಮಾತ್ರ ಬಂದರೆ ಗಿಡಕ್ಕೆ ಉಪಾಯವಿದೆ, ಬರ ಮಾತ್ರ ಬಂದರೂ ಕೆಲಕಾಲ ಉಪಾಯವಿದೆ. ಎರಡೂ ಸೇರಿದಾಗ ಒಂದರ ಉಪಾಯ ಇನ್ನೊಂದರ ಅಪಾಯವಾಗುತ್ತದೆ. ಬಾಗಿಲು ಮುಚ್ಚಿದ ಎಲೆ ಸುತ್ತಲಿನ ಗಾಳಿಗಿಂತಲೂ ಬಿಸಿಯಾಗುತ್ತದೆ, ಆಹಾರ ತಯಾರಿಕೆ ಕುಗ್ಗುತ್ತದೆ, ಉಸಿರಾಟಕ್ಕೆ ಖರ್ಚಾಗುವ ಪಿಷ್ಟ ಮಾತ್ರ ಹೆಚ್ಚುತ್ತದೆ. ಆದಾಯ ನಿಂತು ಖರ್ಚು ಏರಿದ ಸಂಸಾರದ ಸ್ಥಿತಿ ಅದು.

ಇದರಲ್ಲಿ ಎಲ್ಲಕ್ಕಿಂತ ನಾಜೂಕಾದ ಗಳಿಗೆ ಹೂವಿನದು. ಭತ್ತದ ಹೂ ಬೆಳಗಿನ ಹೊತ್ತು ಏರಿದ ಮೇಲೆ ಮಧ್ಯಾಹ್ನದೊಳಗೆ ಒಂದೆರಡು ಗಂಟೆ ಮಾತ್ರ ಅರಳಿ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಹೂವಿನ ಉಷ್ಣತೆ 35 ಡಿಗ್ರಿಯನ್ನು ಮೀರಿದರೆ ಪರಾಗಕೋಶ ಸರಿಯಾಗಿ ಬಿರಿಯದೆ, ಪರಾಗ ಮೊಳೆಯದೆ, ಕಾಳು ಕಟ್ಟಬೇಕಾದ ಕಡೆ ಜೊಳ್ಳು ಉಳಿಯುತ್ತದೆ. ಗಿಡ ಹಸಿರಾಗಿಯೇ ಇರುತ್ತದೆ, ತೆನೆಯೂ ನೆಟ್ಟಗೆ ನಿಂತಿರುತ್ತದೆ. ಬಾಗದ ತೆನೆಯನ್ನು ನೋಡಿದ ಮೇಲಷ್ಟೇ ನಷ್ಟ ಗೊತ್ತಾಗುತ್ತದೆ. ಮುಸುಕಿನ ಜೋಳದಲ್ಲಿ ಪರಾಗ ಬರುವುದು ಗಿಡದ ತುದಿಯ ಸೂಲಂಗಿಯಿಂದ, ಅದನ್ನು ಹಿಡಿಯುವುದು ತೆನೆಯ ರೇಷ್ಮೆಯಂಥ ಕೂದಲು. ನೀರು ಸಾಲದಾಗ ಕೂದಲು ಹೊರಬರುವುದು ತಡವಾಗುತ್ತದೆ, ಶಾಖ ಹೆಚ್ಚಿದಾಗ ಪರಾಗ ಬೇಗ ಸಾಯುತ್ತದೆ, ಹೀಗೆ ಎರಡು ಕಷ್ಟಗಳು ಎರಡು ಕಡೆಯಿಂದ ಎಳೆದು ಗಂಡುಹೂವಿಗೂ ಹೆಣ್ಣುಹೂವಿಗೂ ಭೇಟಿಯೇ ಆಗದಂತೆ ಮಾಡುತ್ತವೆ. ಅಲ್ಲೊಂದು ಇಲ್ಲೊಂದು ಕಾಳಿರುವ ಬೋಡು ತೆನೆ ಅದರ ಫಲ. ಅಲಸಂದೆ ಹಗಲಿನ ಬಿಸಿಲನ್ನು ತಕ್ಕಮಟ್ಟಿಗೆ ತಡೆಯುವ ಬೆಳೆಯಾದರೂ ರಾತ್ರಿ ಸೆಖೆಯಿದ್ದರೆ ಅದರ ಪರಾಗ ಬಂಜೆಯಾಗಿ ಹೂ ಉದುರುತ್ತದೆ. ರಾತ್ರಿಯ ಉಷ್ಣತೆಯ ಮಾತು ಬಂದಾಗ ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೊಲಗಳಿಂದ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಬಿಡುವಂತಿಲ್ಲ: ಅಲ್ಲಿಯ ಒಣಹಂಗಾಮಿನ ಭತ್ತದಲ್ಲಿ ರಾತ್ರಿಯ ಕನಿಷ್ಠ ಉಷ್ಣತೆ ಒಂದು ಡಿಗ್ರಿ ಹೆಚ್ಚಿದಾಗ ಇಳುವರಿ ಶೇ. 10ರಷ್ಟು ಇಳಿದಿತ್ತು. ಹಗಲಿನ ಬಿಸಿಲನ್ನು ಬೈಯುವ ರೂಢಿಯಿರುವ ನಾಡಿನಲ್ಲಿ ರಾತ್ರಿಯ ಸೆಖೆಯ ಈ ಕಳವು ಗಮನಕ್ಕೆ ಬರುವುದು ಕಡಿಮೆ.

ನಾಲೆಯ ಬಯಲಿಗೆ ಈ ಚಿಂತೆ ಇಲ್ಲವೆಂದು ತೋರುವುದು ಸಹಜ. ನೀರು ನಿಂತ ಗದ್ದೆಯ ಪೈರು ಧಾರಾಳವಾಗಿ ಬೆವರುವುದರಿಂದ ಒಣ ಗಾಳಿಯಲ್ಲಿ ಅದರ ತೆನೆ ಸುತ್ತಲಿಗಿಂತ ಕೆಲವು ಡಿಗ್ರಿ ತಂಪಾಗಿರುತ್ತದೆ. ನೀರಾವರಿ ಎಂದರೆ ಬೇರಿಗೆ ಉಣಿಸು ಮಾತ್ರವಲ್ಲ, ಹೂವಿಗೆ ನೆರಳು ಕೂಡ. ಆದರೆ ಆ ನೆರಳು ನಾಲೆಯಲ್ಲಿ ನೀರಿರುವವರೆಗೆ. ಎಲ್ ನಿನೋ, ಎಂದರೆ ಪೆಸಿಫಿಕ್ ಸಾಗರದ ಸಮಭಾಜಕ ಭಾಗದ ನೀರು ವಾಡಿಕೆಗಿಂತ ಬಿಸಿಯಾಗಿ ಮುಂಗಾರನ್ನು ದುರ್ಬಲಗೊಳಿಸುವ ವಿದ್ಯಮಾನ, 2023ರಲ್ಲಿ ಕಾಣಿಸಿಕೊಂಡಾಗ ನಡೆದುದನ್ನು ನೋಡಬೇಕು. ಆ ವರ್ಷದ ಆಗಸ್ಟ್ ತಿಂಗಳು 1901ರಿಂದ ದಾಖಲೆಯಿರುವ ಆಗಸ್ಟ್‌ಗಳಲ್ಲಿಯೇ ಭಾರತಕ್ಕೆ ಅತಿ ಒಣಗಿದ್ದು, ದೇಶದಲ್ಲಿ ವಾಡಿಕೆಗಿಂತ ಶೇ. 36ರಷ್ಟು ಮಳೆ ಕಡಿಮೆ. ಅದೇ ತಿಂಗಳು ಅತಿ ಬಿಸಿಯಾದ ಆಗಸ್ಟ್ ಕೂಡ. ಮಳೆಗಾಲದ ನಟ್ಟನಡುವೆ ಬರವೂ ಶಾಖವೂ ಹೀಗೆ ಕೈಕೈ ಹಿಡಿದು ಬಂದವು. ಸೆಪ್ಟೆಂಬರ್ 13ರಂದು ಕರ್ನಾಟಕ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಮುಂದೆ ಆ ಸಂಖ್ಯೆ 236ರಲ್ಲಿ 223ಕ್ಕೆ ಏರಿತು. ಕಾವೇರಿ ನೀರಿನ ಹಂಚಿಕೆಯ ಬಿಕ್ಕಟ್ಟು ಬಿಗಡಾಯಿಸಿ ಸೆಪ್ಟೆಂಬರ್ 29ರಂದು ಕರ್ನಾಟಕ ಬಂದ್ ನಡೆಯಿತು. ಕೃಷ್ಣರಾಜಸಾಗರ ತನ್ನ 124.80 ಅಡಿಯ ಮಟ್ಟವನ್ನು ಮುಟ್ಟಲಿಲ್ಲ. ನಂತರದ 2024ರ ಬೇಸಿಗೆಯಲ್ಲಿ ಉಷ್ಣತೆ ಏರುತ್ತಲೇ ಹೋಗಿ, ತಂಪಿಗೆ ಹೆಸರಾದ ಬೆಂಗಳೂರಿನಲ್ಲಿಯೇ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು. ಮುಂಗಾರು ಸೋತ ವರ್ಷದ ಬೆನ್ನಿಗೇ ಹೆಚ್ಚು ಬಿಸಿಯ ಬೇಸಿಗೆ ಬರುವುದು, ಹೆಚ್ಚು ಬಿಸಿಯ ಬೇಸಿಗೆಯಲ್ಲಿಯೇ ನಾಲೆಗೆ ಬಿಡಲು ನೀರಿಲ್ಲದಿರುವುದು ಕಾಕತಾಳೀಯವಲ್ಲ. ಎರಡೂ ಒಂದೇ ಮೋಡವಿಲ್ಲದ ಆಕಾಶದಿಂದ ಇಳಿದವು. ಹೀಗಾಗಿ ಶಾಖದಿಂದ ಬೆಳೆಯನ್ನು ಕಾಯಬೇಕಾದ ನೀರು, ಕಾಯುವ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿರುವ ವರ್ಷದಲ್ಲಿಯೇ ಕೈಕೊಡುತ್ತದೆ. ಕಟ್ಟು ಪದ್ಧತಿಯಲ್ಲಿ ಸರದಿಯ ಮೇಲೆ ನೀರು ಬಿಟ್ಟರೂ, ಸರದಿಯ ದಿನ ಹೂವಿನ ದಿನದೊಂದಿಗೆ ಕೂಡಿಬರುತ್ತದೆಂಬ ಭರವಸೆ ಯಾರಿಗೂ ಇರುವುದಿಲ್ಲ. ಜನವರಿಯಲ್ಲಿ ನಾಟಿಯಾದ ಬೇಸಿಗೆ ಭತ್ತ ಹೂವಾಡುವುದು ಮಾರ್ಚ್ ಕೊನೆ, ಏಪ್ರಿಲ್‌ಗಳಲ್ಲಿ, ಎಂದರೆ ವರ್ಷದ ಅತಿ ಬಿಸಿಯ ವಾರಗಳಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಬೆದ್ದಲಿನ ಕತೆಯೂ ನಾಲೆಯ ಕತೆಯೂ ಬಂದು ನಿಲ್ಲುವ ಕಡೆ ಇದು.

ಬರ ಈ ನಾಡಿಗೆ ಹೊಸದಲ್ಲ. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರ ಮೈಸೂರು ಸಂಸ್ಥಾನವನ್ನು ಹೇಗೆ ನುಂಗಿತೆಂಬುದಕ್ಕೆ ಜನಗಣತಿಯೇ ಸಾಕ್ಷಿ: 1871ರಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂದಿನ ಬರದ ಹಿಂದೆಯೂ ಪ್ರಬಲವಾದ ಎಲ್ ನಿನೋ ಇತ್ತು. ಆದ್ದರಿಂದ ಮಳೆ ಸೋಲುವುದಕ್ಕೆಲ್ಲ ಹವಾಮಾನ ಬದಲಾವಣೆಯೇ ಕಾರಣವೆನ್ನುವುದು ಸರಿಯಲ್ಲ. ನಂಜನಗೂಡಿನ ಹೆಸರನ್ನು ಹೊತ್ತ ರಸಬಾಳೆ ಈ ನೆಲದಿಂದ ಬಹುಮಟ್ಟಿಗೆ ಮರೆಯಾದದ್ದು ಪನಾಮಾ ಸೊರಗು ರೋಗದಿಂದ. ಅದನ್ನೂ ಬಿಸಿಲಿನ ತಲೆಗೆ ಕಟ್ಟುವ ಉತ್ಸಾಹ ಕೆಲವರಲ್ಲಿ ಕಾಣುವುದುಂಟು, ಅದರಿಂದ ವಿಷಯದ ತೂಕ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಇಂದು ಬದಲಾಗಿರುವುದು ಬರ ಬಂದು ಕೂರುವ ಪೀಠದ ಎತ್ತರ. ಭಾರತದ ಸರಾಸರಿ ಉಷ್ಣತೆ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆಯೆಂದು ಕೇಂದ್ರದ ಭೂವಿಜ್ಞಾನ ಸಚಿವಾಲಯದ 2020ರ ವರದಿ ತಿಳಿಸಿದೆ. ಅಂದಿನಷ್ಟೇ ಮಳೆಕೊರತೆಯ ವರ್ಷವೊಂದು ಇಂದು ಬಂದರೆ ಅದು ಅಂದಿಗಿಂತ ಹೆಚ್ಚು ಬಿಸಿಯ ಗಾಳಿಯಲ್ಲಿ ಬರುತ್ತದೆ.

ಮುಂದಿನ ದಿನಗಳ ಅಂದಾಜು ಇನ್ನೂ ನಿಷ್ಠುರವಾಗಿದೆ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ 2021ರಲ್ಲಿ ಹೊರತಂದ ವರದಿಯ ಪ್ರಕಾರ, ಕೈಗಾರಿಕಾ ಯುಗಕ್ಕೆ ಮೊದಲು ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದಂಥ ಅತಿಶಾಖ ಈಗ ಹತ್ತು ವರ್ಷದಲ್ಲಿ ಸುಮಾರು 2.8 ಬಾರಿ ಬರುತ್ತದೆ, ಭೂಮಿ 1.5 ಡಿಗ್ರಿ ಬಿಸಿಯಾದರೆ 4.1 ಬಾರಿ, 2 ಡಿಗ್ರಿಯಾದರೆ 5.6 ಬಾರಿ. ಒಣಗುತ್ತಿರುವ ಪ್ರದೇಶಗಳಲ್ಲಿ ಹತ್ತು ವರ್ಷಕ್ಕೊಮ್ಮೆಯ ಕೃಷಿಬರ 2 ಡಿಗ್ರಿಯ ಲೋಕದಲ್ಲಿ 2.4 ಬಾರಿ ಬರುವುದು. ಬಿಸಿಗಾಳಿಯೂ ಬರವೂ ಏಕಕಾಲಕ್ಕೆ ಬರುವ ಸಂಭವ ಜಗತ್ತಿನಾದ್ಯಂತ ಹೆಚ್ಚಿದೆಯೆಂದೂ, ಅದರಲ್ಲಿ ಮನುಷ್ಯನ ಕೈವಾಡವಿದೆಯೆಂದೂ ಅದೇ ವರದಿ ಹೇಳುತ್ತದೆ. ಇದಕ್ಕೆ ಎದುರು ವಾದವೊಂದಿದೆ: ಕೈಗಾರಿಕಾ ಯುಗಕ್ಕೆ ಮೊದಲು ಹತ್ತು ಲಕ್ಷಕ್ಕೆ 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ದಾಟಿರುವುದರಿಂದ, ಎಲೆ ತನ್ನ ರಂಧ್ರಗಳನ್ನು ಅರೆತೆರೆದೇ ಬೇಕಾದಷ್ಟು ಅನಿಲ ಪಡೆದು ನೀರನ್ನು ಉಳಿಸುತ್ತದೆ, ಭತ್ತದಂಥ ಬೆಳೆಗೆ ಇದು ಗೊಬ್ಬರವಿದ್ದಂತೆ ಎಂಬುದು. ಮಾತಿನಲ್ಲಿ ಸತ್ಯವಿದೆ. ಆದರೆ ಅರೆಮುಚ್ಚಿದ ರಂಧ್ರ ಕಡಿಮೆ ಬೆವರುತ್ತದೆ, ಕಡಿಮೆ ಬೆವರಿದ ಎಲೆ ಹೆಚ್ಚು ಬಿಸಿಯಾಗುತ್ತದೆ. ಜೊಳ್ಳಾದ ಹೂವಿಗೆ ಯಾವ ಗೊಬ್ಬರವೂ ಕಾಳು ತುಂಬಿಸಲಾರದು.

ಸಂಯುಕ್ತ ವಿಪತ್ತಿನ ಸ್ವರೂಪ ಅತಿ ಸ್ಪಷ್ಟವಾಗಿ ಕಾಣುವುದು ಬಹುಶಃ ಧಾನ್ಯಗಳಲ್ಲಲ್ಲ, ರೇಷ್ಮೆಯಲ್ಲಿ. ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚಣಿಕೆ ಕಾರ್ಖಾನೆಯಿದೆ. ಮೈಸೂರು ರೇಷ್ಮೆ ಸೀರೆಯ ನೂಲಿಗೆ ಈ ಊರಿನ ನಂಟು ಹಳೆಯದು. ರೇಷ್ಮೆ ಹುಳು ನೀರು ಕುಡಿಯುವುದಿಲ್ಲ. ಅದಕ್ಕೆ ಬೇಕಾದ ನೀರೆಲ್ಲ ಸೊಪ್ಪಿನಿಂದಲೇ ಬರಬೇಕು. ನಾಲ್ಕನೇ ಜ್ವರ, ಎಂದರೆ ಪೊರೆ ಕಳಚುವ ಹಂತ, ಕಳೆದು ಹಣ್ಣಾಗುವವರೆಗಿನ ದಿನಗಳಲ್ಲಿ ಹುಳು ಮೇಯುವುದೂ ಬೆಳೆಯುವುದೂ ಎಲ್ಲಕ್ಕಿಂತ ಹೆಚ್ಚು, ಆ ಹಂತದಲ್ಲಿ ಅದಕ್ಕೆ ಹಿತವಾದದ್ದು 24, 25 ಡಿಗ್ರಿಯ ಆಸುಪಾಸಿನ ಹವೆ. ಬರದಿಂದ ಸೊಪ್ಪಿನ ರಸ ಇಂಗಿ, ಶಾಖದಿಂದ ಹುಳುಮನೆ ಕಾದರೆ, ಬಾಯಾರಿದ ಹುಳುವಿಗೆ ಒಣ ಸೊಪ್ಪೇ ಗತಿಯಾಗುತ್ತದೆ. ಹಾಸಿದ ಸೊಪ್ಪು ಹುಳು ತಿನ್ನುವ ಮುಂಚೆಯೇ ಬಾಡುತ್ತದೆ, ರೋಗ ಬೇಗ ಹರಡುತ್ತದೆ, ಗೂಡು ಹಗುರಾಗುತ್ತದೆ. ಹೆಚ್ಚು ನೂಲು ಕೊಡುವ ದ್ವಿತಳಿ ಹುಳುಗಳೇ ಇದಕ್ಕೆ ಹೆಚ್ಚು ಬೇಗ ಸೋಲುತ್ತವೆ. ಹಳೆಯ ಮೈಸೂರು ತಳಿ ಕಡಿಮೆ ನೂಲು ಕೊಟ್ಟರೂ ಸೆಖೆಗೆ ಗಟ್ಟಿ. ಇಳುವರಿ ಹೆಚ್ಚಿಸುತ್ತ ಬಂದ ದಾರಿಯೂ ಕಷ್ಟ ತಡೆಯುವ ಶಕ್ತಿಯ ದಾರಿಯೂ ಒಂದೇ ಅಲ್ಲವೆಂಬ ಪಾಠ ಈ ಹುಳುಮನೆಯಲ್ಲಿ ಕಾಣುವಷ್ಟು ಬೇರೆಡೆ ಕಾಣುವುದಿಲ್ಲ.

ಪರಿಹಾರದ ಮಾತು ಬಂದಾಗ ಬರ ನಿರೋಧಕ ತಳಿ ಎಂಬ ನುಡಿಗಟ್ಟು ಎಲ್ಲಕ್ಕಿಂತ ಮೊದಲು ಕೇಳಿಬರುತ್ತದೆ. ಅದನ್ನು ಎಚ್ಚರದಿಂದ ಬಳಸಬೇಕು, ಏಕೆಂದರೆ ಬರವನ್ನು ತಡೆಯುವ ತಳಿ ಶಾಖವನ್ನೂ ತಡೆಯುತ್ತದೆಂಬ ನಿಯಮವಿಲ್ಲ; ರಂಧ್ರಗಳನ್ನು ಬೇಗ ಮುಚ್ಚಿ ನೀರುಳಿಸುವ ತಳಿ ಅದೇ ಗುಣದಿಂದಾಗಿ ಬೇಗ ಬಿಸಿಯಾಗಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಎಂಎಎಸ್ 946-1 ಎಂಬ ಏರೋಬಿಕ್ ಭತ್ತ ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯಬಹುದಾದ ಉಪಯುಕ್ತ ತಳಿ. ನೀರಿನ ಉಳಿತಾಯ ಅದರ ದೊಡ್ಡ ಗುಣ. ಆದರೆ ಯಾವುದೇ ಭತ್ತವನ್ನು ಕಡಿಮೆ ನೀರಿನಲ್ಲಿ ಬೆಳೆಯುವಾಗ ಹೊಡೆ ಒಡೆಯುವುದರಿಂದ ಹೂವಾಡುವವರೆಗಿನ ದಿನಗಳಲ್ಲಿ ಮಾತ್ರ ಜಿಪುಣತನ ಕೂಡದು. ಎರಡೂ ಕಷ್ಟಗಳನ್ನು ಸಹಿಸುವ ತಳಿಗಳು ಇಲ್ಲವೆಂದಲ್ಲ: ಉತ್ತರ ಭಾರತದ ಹಳೆಯ ತಳಿಯಾದ ನಗೀನಾ 22 ಬರಕ್ಕೂ ಹೂವಿನ ಕಾಲದ ಶಾಖಕ್ಕೂ ಗಟ್ಟಿಯೆಂದು ಜಗತ್ತಿನ ಭತ್ತ ವಿಜ್ಞಾನಿಗಳು ಅದನ್ನು ಬಳಸುತ್ತಿದ್ದಾರೆ. ಬಿಸಿಲೇರುವ ಮುನ್ನವೇ ಹೂವರಳಿಸುವ ಗುಣವನ್ನು ಕಾಡುಭತ್ತವೊಂದರಿಂದ ತರುವ ಪ್ರಯತ್ನವೂ ನಡೆದಿದೆ. ಶಾಖವನ್ನು ಎದುರಿಸುವ ಬದಲು ಅದರ ಕಣ್ಣು ತಪ್ಪಿಸುವ ಜಾಣತನ ಅದು.

ರಾಗಿಯ ಕಡೆ ನೋಡಿದರೆ ಈ ಸೀಮೆಯ ಕೈಯಲ್ಲಿ ಒಂದು ಹಳೆಯ ಆಸ್ತಿಯೇ ಇದೆ. ರಾಗಿ, ಜೋಳ, ಮುಸುಕಿನ ಜೋಳಗಳು ಇಂಗಾಲವನ್ನು ಎಲೆಯೊಳಗೆ ಸಾಂದ್ರಗೊಳಿಸಿಕೊಳ್ಳುವ ಬಗೆಯ ಗಿಡಗಳಾದ್ದರಿಂದ ಅಷ್ಟೇ ಪಿಷ್ಟ ತಯಾರಿಸಲು ಭತ್ತಕ್ಕೆ ತಗಲುವ ನೀರಿನ ಅರ್ಧದಷ್ಟು ಅವಕ್ಕೆ ಸಾಕು. ಅದರಲ್ಲೂ ರಾಗಿ ಬಾಡಿದ ಮೇಲೂ ಒಂದು ಮಳೆ ಬಿದ್ದರೆ ಮತ್ತೆ ತಲೆಯೆತ್ತುವ ಗಿಡ. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದರು. ಅವರ ನಂತರ ಬಂದ ಜಿಪಿಯು 28, ಎಂಎಲ್ 365 ಮೊದಲಾದವು ಇಂದು ಹೊಲದಲ್ಲಿವೆ. ಆದರೂ ತೆನೆ ಹೊರಡುವ ವಾರದಲ್ಲಿ ಹಸಿಯೂ ಇಲ್ಲದೆ ಶಾಖವೂ ಕವಿದರೆ ರಾಗಿಯೂ ಕಾಳು ಕಳೆದುಕೊಳ್ಳುತ್ತದೆ. ತಳಿಗಿಂತ ಮಣ್ಣಿನ ಕೆಲಸ ಹೆಚ್ಚು ನಂಬಿಕೆಗೆ ಅರ್ಹ ಎಂಬ ತೀರ್ಮಾನಕ್ಕೆ ಬರುವುದು ಇದರಿಂದಲೇ: ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕಿ ನೆಲವನ್ನು ಮುಚ್ಚುವುದು, ಕಬ್ಬಿನ ರವದಿಯನ್ನು ಸುಡದೆ ಸಾಲಿನಲ್ಲಿ ಹೊದಿಸುವುದು, ಇಳಿಜಾರಿಗೆ ಅಡ್ಡಲಾಗಿ ಉಳುವುದು, ಕೊಟ್ಟಿಗೆ ಗೊಬ್ಬರದಿಂದ ಮಣ್ಣಿನ ನೀರು ಹಿಡಿಯುವ ಶಕ್ತಿಯನ್ನು ಹೆಚ್ಚಿಸುವುದು, ಇವೆಲ್ಲ ನೀರನ್ನು ಉಳಿಸುವುದರ ಜೊತೆಗೇ ಮಣ್ಣಿನ ಕಾವನ್ನೂ ಇಳಿಸುವುದರಿಂದ ಎರಡೂ ಶತ್ರುಗಳಿಗೆ ಒಟ್ಟಿಗೆ ಉತ್ತರ ಕೊಡುತ್ತವೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಹೊಂಡಗಳ ಬೆಲೆಯನ್ನೂ ಹೀಗೆಯೇ ಅಳೆಯಬೇಕು. ಹೊಂಡದ ನೀರು ಇಡೀ ಬೆಳೆಯನ್ನು ಸಾಕುವುದಕ್ಕೆ ಸಾಲದು. ಹೂವಿನ ವಾರಕ್ಕೆಂದು ಕಾದಿರಿಸಿದರೆ ಅದರಷ್ಟು ಬೆಲೆಯುಳ್ಳ ನೀರು ಬೇರೊಂದಿಲ್ಲ.

ಎಲ್ಲಕ್ಕೂ ಮೊದಲು ಬೇಕಾದದ್ದು ಎರಡು ಅಳತೆಗಳನ್ನು ಒಟ್ಟಿಗೆ ಓದುವ ರೂಢಿ. ಅದಕ್ಕೆ ಉಪಕರಣಗಳ ಕೊರತೆಯಿಲ್ಲ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕಗಳನ್ನೂ, ಹೋಬಳಿ ಮಟ್ಟದಲ್ಲಿ ಉಷ್ಣತೆ, ಆರ್ದ್ರತೆ, ಗಾಳಿಯ ವೇಗಗಳನ್ನು ಅಳೆಯುವ ಹವಾಮಾನ ಘಟಕಗಳನ್ನೂ ಇರಿಸಿದೆ. ಆವಿಒತ್ತಡದ ಕೊರತೆಯನ್ನು ಲೆಕ್ಕ ಹಾಕಲು ಉಷ್ಣತೆ ಮತ್ತು ಆರ್ದ್ರತೆ ಎಂಬ ಎರಡೇ ಅಂಕಿಗಳು ಸಾಕು. ತೋಟಗಾರಿಕೆ ಬೆಳೆಗಳಿಗಿರುವ ಹವಾಮಾನ ಆಧಾರಿತ ವಿಮೆಯಲ್ಲಿ ಇಂಥ ಅಂಕಿಗಳಿಗೆ ಈಗಾಗಲೇ ಬೆಲೆ ಬಂದಿದೆ. ಬರದ ಘೋಷಣೆಯಲ್ಲಿಯೂ ನಾಲೆಯ ಸರದಿಯನ್ನು ಗೊತ್ತುಮಾಡುವ ನೀರಾವರಿ ಸಲಹಾ ಸಮಿತಿಗಳ ಸಭೆಯಲ್ಲಿಯೂ ಅವಕ್ಕೆ ಅದೇ ಬೆಲೆ ಬರಬೇಕು. ಜಲಾಶಯದಲ್ಲಿ ನೀರು ಕಡಿಮೆಯಿರುವ ವರ್ಷ ಎಲ್ಲ ತೂಬುಗಳಿಗೂ ಸಮನಾಗಿ ಹಂಚುವುದು ನ್ಯಾಯವೆನಿಸಬಹುದು, ಹೂವಿನಲ್ಲಿರುವ ಬಯಲಿಗೆ ಬಿಸಿಯ ವಾರದಲ್ಲಿ ಮೊದಲು ಬಿಡುವುದು ಅದಕ್ಕಿಂತ ದೊಡ್ಡ ನ್ಯಾಯ.

ಆದರೆ ಯಾವ ಬಯಲು ಯಾವ ವಾರ ಹೂವಿನಲ್ಲಿರುತ್ತದೆ ಎಂಬುದು ಬೆಂಗಳೂರಿನ ಯಾವ ಕಡತದಲ್ಲಿಯೂ ಸಿಗುವುದಿಲ್ಲ. ಅದು ಗೊತ್ತಿರುವುದು ಬೆಳೆದವರಿಗೆ. ಆದುದರಿಂದ ಬಿಳಿಗೆರೆ, ಸುತ್ತೂರು, ತಿ. ನರಸೀಪುರದ ಕಡೆಯ ರೈತರಲ್ಲಿ ಒಂದು ಕೋರಿಕೆ. ಬಿತ್ತಿದ ದಿನವನ್ನು ಬರೆದಿಡುವ ರೂಢಿ ಹಲವು ಮನೆಗಳಲ್ಲಿದೆ. ಅದರ ಪಕ್ಕದಲ್ಲಿಯೇ ಹೊಲದ ಅರ್ಧ ತೆನೆಗಳು ಹೂವಾಡಿದ ದಿನ, ಆ ವಾರ ಬಿದ್ದ ಮಳೆ, ಹೋಬಳಿಯ ಗರಿಷ್ಠ ಮತ್ತು ಕನಿಷ್ಠ ಉಷ್ಣತೆ, ಕೊನೆಗೆ ಒಕ್ಕಣೆಯಲ್ಲಿ ಬಂದ ಕಾಳು ಮತ್ತು ಜೊಳ್ಳು, ಇಷ್ಟನ್ನು ಸೇರಿಸಿ ಬರೆದು, ಹಂಗಾಮು ಮುಗಿದ ಮೇಲೆ ಆ ಹಾಳೆಯ ನಕಲನ್ನು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ತಲುಪಿಸಬೇಕು. ಪಹಣಿಯಲ್ಲಿ ಬೆಳೆಯ ಹೆಸರಿಗೆ ಕಲಂ ಇದೆ, ಹೂವಿನ ದಿನಾಂಕಕ್ಕೆ ಇನ್ನೂ ಇಲ್ಲ.